ಹನ್ನೊಂದನೇ ಕಾಲಂ

ಆ ಬೆಳಿಗ್ಗೆ ಮಿಲಿಗ್ರಾಂ ಮಾಡಿದ ತಪ್ಪು ಇಷ್ಟೇ: ಬಚ್ಚಿಟ್ಟದ್ದು ಬಚ್ಚಿಟ್ಟಲ್ಲೇ ಇರುತ್ತದೆ ಎಂದು ನಂಬಿದ್ದು.

ಮಿಲಿಗ್ರಾಂ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಶ್ವವಿದ್ಯಾಲಯದ ಆ ವಿಭಾಗಕ್ಕೆ ಹೊಸ ಸಂಶೋಧಕನಾಗಿ ಸೇರಿದ ಮೂರನೇ ದಿನ ಆಫೀಸಿನ ಸೂಪರಿಂಟೆಂಡೆಂಟರು ಇಟ್ಟದ್ದು. ಆಳು ತೆಳ್ಳಗೆ, ಮಾಡುವ ಕೆಲಸ ತೂಗುವುದು. ಎರಡನ್ನೂ ಸೇರಿಸಿ ಒಂದೇ ಹೆಸರಿನಲ್ಲಿ ಮುಗಿಸಿಬಿಟ್ಟರು. ಹಳೆಯ ಕಾಗದ ಗಾಳಿಯ ತೇವ ಹೀರಿದಾಗ ಎಷ್ಟು ಭಾರವಾಗುತ್ತದೆ, ಒಣಗಿದಾಗ ಎಷ್ಟು ಹಗುರಾಗುತ್ತದೆ ಎಂಬುದು ಅವನ ಸಂಶೋಧನೆ. ಉಗುರಿನಷ್ಟಗಲದ ಕಾಗದದ ಚೂರನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲಿಟ್ಟು ದಿನಕ್ಕೆ ನಾಲ್ಕು ಸಲ ತೂಗಬೇಕು, ಬರೆದುಕೊಳ್ಳಬೇಕು. ಹನ್ನೊಂದು ತಿಂಗಳಿಂದ ಇದೇ ಕಾಯಕ. ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಅಲ್ಲಿ ಭಾವ ಆಗಾಗ, "ನಮ್ಮನೇಗೂ ಹಳೇ ಪೇಪರ್ ತೂಗೋನು ಬರ್ತಾನಪ್ಪ. ಅವ್ನು ಇಷ್ಟೊಂದು ಓದಿಲ್ಲ" ಎಂದು ಹಂಗಿಸುತ್ತಿದ್ದರು.

ತಕ್ಕಡಿ ಮಹಾ ಮುಂಗೋಪಿ. ಪಕ್ಕದಲ್ಲಿ ಯಾರಾದರೂ ಸೀನಿದರೆ ಅಂಕಿ ಕುಣಿಯುತ್ತಿತ್ತು, ಕಾರಿಡಾರಿನ ಬಾಗಿಲು ದಢಾರನೆ ಬಿದ್ದರೆ ಮತ್ತೆ ಕುಣಿಯುತ್ತಿತ್ತು. ಹಾಗೆ ಕೆಟ್ಟ ತೂಕವನ್ನು ರದ್ದು ಮಾಡಿ ಯಾಕೆ ರದ್ದಾಯಿತು ಎಂದು ಬರೆಯುವುದು ನಿಯಮ. ಕಂಪ್ಯೂಟರಿನ ಶೀಟಿನಲ್ಲಿ ಹತ್ತು ಕಾಲಂ ಅಂಕಿಗಳಿಗೆ, ಹನ್ನೊಂದನೆಯದು ಕಾರಣಕ್ಕೆ. ಮೊದಲ ವಾರ ಅವನು ಸಭ್ಯನಾಗಿ "ಕಂಪನ" ಎಂದಷ್ಟೇ ಬರೆದ. ಆದರೆ ಒಂಟಿ ಕೋಣೆ, ಮಾತಿಗೆ ಯಾರೂ ಇಲ್ಲ, ಕಣ್ಣೆದುರಿಗೆ ದಿನವೂ ಇಡೀ ವಿಭಾಗದ ನಾಟಕ. ಬರಬರುತ್ತಾ ಹನ್ನೊಂದನೇ ಕಾಲಂ ಅವನ ಆಪ್ತ ಗೆಳೆಯನಾಯಿತು.

"ಹತ್ತು ಹದಿನೈದು. ಮುಖ್ಯಸ್ಥರು ಮೆಟ್ಟಿಲಿಳಿದರು. ನೆಲ ನಡುಗಿತು. ರದ್ದು."

"ಹನ್ನೆರಡು. ಸೂಪರಿಂಟೆಂಡೆಂಟರು ಬಾಗಿಲ ಹೊರಗೆ ನಿಂತು ಬೀಗರ ಜೊತೆ ಫೋನಿನಲ್ಲಿ ಜಗಳ. ಬೀಗರ ನಾಯಿ ಇವರ ಚಪ್ಪಲಿ ಕಚ್ಚಿದ ವಿಷಯ, ಒಂಬತ್ತನೇ ದಿನ. ಗಾಜು ಅದುರಿತು. ರದ್ದು. ನ್ಯಾಯ ನಾಯಿಯ ಕಡೆಗಿದೆ."

"ಎರಡು ಗಂಟೆ. ಸಭೆ ತಪ್ಪಿಸಿಕೊಳ್ಳಲು ಗೈಡ್ ಮೇಡಂ ಈ ಕೋಣೆಗೆ ಬಂದು ಕುಳಿತರು. ನಲವತ್ತು ನಿಮಿಷ ಗೊರಕೆ. ಎಬ್ಬಿಸುವ ಧೈರ್ಯ ಬರಲಿಲ್ಲ. ರದ್ದು."

"ನಾಲ್ಕು ಗಂಟೆ. ಕೋಣೆ ನಿಶ್ಶಬ್ದವಾಗಿದೆಯೆಂದು ಮುಖ್ಯಸ್ಥರು ನನ್ನನ್ನು ಹೊರಗೆ ಕಳಿಸಿ ಭಾಷಣ ಅಭ್ಯಾಸ ಮಾಡಿದರು. ಬಾಗಿಲ ಸಂದಿಯಿಂದ ಕೇಳಿಸಿತು. ತಾವು ಕುಲಪತಿಯಾದ ಸಂದರ್ಭದ ಧನ್ಯವಾದ ಭಾಷಣ, ನಾಲ್ಕನೇ ಸಲ. ಈಗಿನ ಕುಲಪತಿಗಳು ಆರೋಗ್ಯವಾಗಿದ್ದಾರೆ. ರದ್ದು."

ಇವಲ್ಲದೆ ತನ್ನದೇ ಕೈ ನಡುಗಿ ಕೆಟ್ಟ ತೂಕಗಳೂ ನಲವತ್ತೆರಡಿದ್ದವು. ಪಾಪ, ಪ್ರಾಮಾಣಿಕ ಹುಡುಗ, ಕೈ ಯಾಕೆ ನಡುಗಿತು ಎಂಬುದನ್ನೂ ಬಿಡದೆ ಬರೆದಿದ್ದ. ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದು ಆ ಕಾಲಮನ್ನು ಶೀಟಿನಲ್ಲಿ ಮರೆಮಾಡಿಟ್ಟಿದ್ದ. ಹತ್ತರ ಪಕ್ಕ ಹನ್ನೆರಡು ಕಾಣುತ್ತಿತ್ತು, ನಡುವಿನದು ಕಾಣುತ್ತಿರಲಿಲ್ಲ.

ಈಗ ಬಂದದ್ದು ಮುಕ್ತ ವಿಜ್ಞಾನ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊಸ ಸಂಶೋಧಕರಿಗೆ ನೆರವಾಗಲೆಂದೇ ಒಂದು ಕೋಣೆ ತೆರೆದಿದ್ದರು. ಅದನ್ನು ನೋಡಿಕೊಳ್ಳುವ ಗ್ರಂಥಪಾಲಕಿಯನ್ನು ಎಲ್ಲರೂ ಮುಕ್ತಕ್ಕ ಎನ್ನುತ್ತಿದ್ದರು. ಸಂಶೋಧನೆಯ ಅಂಕಿ ಅಂಶವೆಲ್ಲ ಯಾರು ಬೇಕಾದರೂ ನೋಡುವಂತೆ ಮುಕ್ತವಾಗಿರಬೇಕು, ಕೆಟ್ಟ ಫಲಿತಾಂಶವನ್ನೂ ಮುಚ್ಚಿಡಬಾರದು ಎಂದು ಆಕೆ ದಿನಕ್ಕೆ ಮೂರು ಮೇಲ್ ಕಳಿಸುತ್ತಿದ್ದರು. ಅವನ್ನು ಯಾರೂ ತೆರೆಯುತ್ತಿರಲಿಲ್ಲ. ಮಿಲಿಗ್ರಾಂನ ಪೆಟ್ಟಿಗೆಯಲ್ಲೇ ಮುಕ್ತಕ್ಕನ ಇನ್ನೂರು ಮೇಲ್‌ಗಳು ಮುಚ್ಚಿಕೊಂಡು ಬಿದ್ದಿದ್ದವು.

ಆದರೆ ಈ ಸಲ ಬೇರೆ ದಾರಿಯಿರಲಿಲ್ಲ. ಅವನ ಒಂದು ವರ್ಷದ ನೇಮಕ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಇನ್ನೆರಡು ವರ್ಷ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಆ ದಿನವೇ ಮಧ್ಯಾಹ್ನ ಮೂರಕ್ಕೆ ಸೇರುವುದಿತ್ತು. ಮುಖ್ಯಸ್ಥರು ಅಧ್ಯಕ್ಷರು, ಗೈಡ್ ಮೇಡಂ ಸದಸ್ಯೆ, ಸೂಪರಿಂಟೆಂಡೆಂಟರು ಕಾರ್ಯದರ್ಶಿ. ಅಂಕಿ ಅಂಶವನ್ನು ಮುಕ್ತವಾಗಿ ಪ್ರಕಟಿಸಿದ ಪುರಾವೆಯಿಲ್ಲದ ಅರ್ಜಿ ಮುಟ್ಟುವುದಿಲ್ಲ ಎಂದು ಹೊಸ ನಿಯಮ.

ಬೆಳಿಗ್ಗೆ ಒಂಬತ್ತೂವರೆಗೆ ಮಿಲಿಗ್ರಾಂ ಮುಕ್ತಕ್ಕನ ಸೂಚನಾ ಪತ್ರವನ್ನು ಮುಂದಿಟ್ಟುಕೊಂಡು ಕುಳಿತ. "ನಿಮ್ಮ ಶೀಟನ್ನು ಯಾವ ಕಂಪ್ಯೂಟರಿನಲ್ಲೂ ತೆರೆಯಬಹುದಾದ ಸರಳ ಪಠ್ಯಕ್ಕೆ ಬದಲಿಸಿ" ಎಂದಿತ್ತು. ಬದಲಿಸಿದ. "ಪ್ರಕಟಿಸಿ" ಎಂಬ ಹಸಿರು ಗುಂಡಿ ಒತ್ತಿದ. ಪರದೆಯ ಮೇಲೆ ಧನ್ಯವಾದಗಳು ಎಂದು ಬಂತು. ಹಿಗ್ಗಿನಲ್ಲಿ ಅಕ್ಕನಿಗೆ ಫೋನ್ ಮಾಡಿ ಆ ಪುಟದ ಕೊಂಡಿಯನ್ನೂ ಕಳಿಸಿದ.

"ಅಕ್ಕಾ, ನನ್ನ ಕೆಲಸ ಇನ್ಮೇಲೆ ಲೋಕಕ್ಕೆಲ್ಲ ಕಾಣುತ್ತೆ. ಎಷ್ಟು ಜನ ಡೌನ್‌ಲೋಡ್ ಮಾಡಿ ಇಳಿಸ್ಕೊಂಡ್ರು ಅಂತ ಲೆಕ್ಕಾನೂ ಅಲ್ಲೇ ತೋರಿಸುತ್ತೆ."

"ಎಷ್ಟು ಜನ ಇಳಿಸ್ಕೋತಾರೋ?"

"ಹಳೇ ಕಾಗದದ ತೂಕ ಯಾರಿಗೆ ಬೇಕು? ಒಬ್ಬಿಬ್ರು ಬಂದ್ರೆ ಹೆಚ್ಚು."

"ಅದೇನ್ ಹಾಗಂತೀಯಾ? ನಮ್ಮ ಹುಡುಗನ ಕೆಲಸಕ್ಕೆ ಒಬ್ಬಿಬ್ರಾ?" ಎಂದು ಅಕ್ಕ ಫೋನಿಟ್ಟಳು.

ಪುರಾವೆಗೆಂದು ಕಡತದ ಒಂದು ಹಾಳೆ ಬೇಕೆಂದು ಸೂಪರಿಂಟೆಂಡೆಂಟರು ಕೇಳಿದ್ದರು. ಹತ್ತೂವರೆಗೆ ಅವನು ತನ್ನ ಕಂಪ್ಯೂಟರಿನಿಂದಲೇ ಒಂದು ಪುಟಕ್ಕೆ ಆಜ್ಞೆ ಕೊಟ್ಟು ಆಫೀಸಿಗೆ ಹೋದ. ಅಲ್ಲಿನ ಪ್ರಿಂಟರು ಗೊರ ಗೊರ ಎನ್ನುತ್ತಾ ಹಾಳೆಯನ್ನು ಉಗುಳತೊಡಗಿತು. ಸೂಪರಿಂಟೆಂಡೆಂಟರು ಅದನ್ನು ತೆಗೆದುಕೊಳ್ಳಲು ಕೈಚಾಚಿದರು. ಹಾಳೆಯ ಬಲತುದಿಯಲ್ಲಿ "ನ್ಯಾಯ ನಾಯಿಯ ಕಡೆಗಿದೆ" ಎಂಬ ಸಾಲು ಮಿಲಿಗ್ರಾಂನ ಕಣ್ಣಿಗೆ ಬಿತ್ತು.

ಹಸಿದ ಹದ್ದಿನ ಹಾಗೆ ಎರಗಿ ಹಾಳೆಯನ್ನು ಕಿತ್ತುಕೊಂಡ.

"ಏನೋ ಅದು? ತೋರ್ಸೋ ಇಲ್ಲಿ."

"ಇಂಕ್... ಇಂಕ್ ಸರಿಯಾಗಿ ಬಿದ್ದಿಲ್ಲ ಸರ್."

"ಚೆನ್ನಾಗೇ ಬಿದ್ದಿತ್ತಲ್ಲೋ!"

ಅವನಾಗಲೇ ಬಾಗಿಲಾಚೆ ಇದ್ದ. ತೂಗುವ ಕೋಣೆಗೆ ಬಂದು, ಒಳಗಿನಿಂದ ಚಿಲಕ ಹಾಕಿ, ಕಡತ ತೆರೆದು ನೋಡಿದ. ಶೀಟಿನಲ್ಲಿ ಮರೆಮಾಡಿದ ಕಾಲಂ ಸರಳ ಪಠ್ಯವಾಗುವಾಗ ಮರೆಯಿಂದ ಎದ್ದು ಬಂದಿತ್ತು! ಹನ್ನೊಂದು ತಿಂಗಳ ಗುಟ್ಟು ಸಾಲು ಸಾಲಾಗಿ, ತಾರೀಖು ಸಮೇತ, ಹಲ್ಲು ಕಿರಿಯುತ್ತ ನಿಂತಿತ್ತು. ಪ್ರಕಟವಾದ ಪುಟಕ್ಕೆ ಹೋದ. "ಇಳಿಸಿಕೊಂಡವರು: ನಾಲ್ಕು" ಎಂದಿತ್ತು. ಅಲ್ಲಿ ಏನಿದೆ ಎಂದು ತೆರೆದು ನೋಡೋಣವೆಂದರೆ, ತೆರೆಯಲು ತಾನೂ ಇಳಿಸಿಕೊಳ್ಳಬೇಕು, ಆಗ ಲೆಕ್ಕ ಐದಾಗುತ್ತದೆ. ಲೆಕ್ಕ ಏರಿದಷ್ಟೂ ಇನ್ನಷ್ಟು ಜನಕ್ಕೆ ಕುತೂಹಲ ಕೆರಳುತ್ತದೆಂದು ಹೆದರಿ ಗುಂಡಿಯನ್ನು ಮುಟ್ಟಲಿಲ್ಲ.

ಓಡಿದ ಗ್ರಂಥಾಲಯಕ್ಕೆ. ಮುಕ್ತಕ್ಕನ ಕೋಣೆಯಲ್ಲಿ ಹೊಸ ಸಂಶೋಧಕರ ತರಬೇತಿ ನಡೆದಿತ್ತು. ಇಪ್ಪತ್ತು ಜನ ಕುಳಿತಿದ್ದರು.

"ಮೇಡಂ, ಒಂದು ಸಲ ಹಾಕಿದ್ದನ್ನ ವಾಪಸ್ ತೆಗೀಬಹುದಾ?" ಎಂದು ಬಾಗಿಲಲ್ಲೇ ಏದುಸಿರು ಬಿಟ್ಟ.

ಮುಕ್ತಕ್ಕ ಇಪ್ಪತ್ತು ಜನರ ಕಡೆ ತಿರುಗಿ, "ನೋಡಿದ್ರಾ? ನಾನು ಈಗಷ್ಟೇ ಹೇಳ್ತಿದ್ನಲ್ಲ, ಇದೇ ಆ ಭಯ! ಮೊದಲ ಸಲ ಎಲ್ರಿಗೂ ಆಗುತ್ತೆ" ಎಂದರು. ಇಪ್ಪತ್ತು ಜನರೂ ಅವನನ್ನು ಕರುಣೆಯಿಂದ ನೋಡಿ ಬರೆದುಕೊಂಡರು.

"ಭಯ ಅಲ್ಲ ಮೇಡಂ, ಅದ್ರಲ್ಲೊಂದು..."

"ತಪ್ಪಿದೆ ಅಂತೀರಿ. ಇರ್ಲಿ ಬಿಡಿ! ತಪ್ಪು ನಾಲ್ಕು ಜನರ ಕಣ್ಣಿಗೆ ಬಿದ್ರೇ ತಾನೆ ತಿದ್ದೋಕಾಗೋದು?"

"ನಾಲ್ಕು ಜನರ ಕಣ್ಣಿಗೆ ಈಗಾಗ್ಲೇ ಬಿದ್ದಿದೆ."

"ಮತ್ತಿನ್ನೇನು! ಹೊಸ ಆವೃತ್ತಿ ಹಾಕಬಹುದು. ಆದ್ರೆ ಹಳೇದೂ ಅದರ ಕೆಳಗೇ ಇರುತ್ತೆ, ಏನು ಬದಲಾಯ್ತು ಅಂತ ಮೇಲ್ಗಡೆ ಬರೀಬೇಕು. ಪೂರ್ತಿ ತೆಗೀಲೇಬೇಕು ಅಂದ್ರೆ ಒಂದು ಫಾರಂ ಇದೆ. ಯಾಕೆ ತೆಗೀಬೇಕು ಅಂತ ಬರೆದು, ತೆಗೀಬೇಕಾದ ಭಾಗದ ಪ್ರತಿ ಲಗತ್ತಿಸಿ, ವಿಭಾಗದ ಮುಖ್ಯಸ್ಥರ ಸಹಿ ಮಾಡಿಸ್ಕೊಂಡು ಬನ್ನಿ."

ಮುಖ್ಯಸ್ಥರ ಮುಂದೆ ಕುಲಪತಿ ಭಾಷಣದ ಪ್ರತಿ ಇಟ್ಟು ಸಹಿ ಕೇಳುವ ದೃಶ್ಯ ಮಿಲಿಗ್ರಾಂನ ಕಣ್ಮುಂದೆ ಬಂತು. ಇಪ್ಪತ್ತು ಜನರ ಎದುರು ವಿಷಯ ಬಾಯಿಬಿಟ್ಟು ಹೇಳಲು ನಾಚಿಕೆ. "ಬೆಳಿಗ್ಗೆ ನಿಮಗೊಂದು ಮೇಲ್ ಹಾಕಿದ್ದೆ, ನೋಡಿದ್ರಾ?" ಎಂದು ಮುಕ್ತಕ್ಕ ಕೇಳಿದರು. "ನೋಡಿದೆ ಮೇಡಂ" ಎಂದು ಎಲ್ಲರೂ ಹೇಳುವ ಸುಳ್ಳನ್ನೇ ಹೇಳಿದ. "ಹಾಗಾದ್ರೆ ಚಿಂತೆ ಏನು? ಹುಷಾರಾಗಿ ಹೋಗಿ" ಎಂದ ಆಕೆ, ಅವನ ಉತ್ಸಾಹ ಕುಗ್ಗದಿರಲಿ ಎಂದು ಅವನ ಪುಟದ ಕೊಂಡಿಯನ್ನು ಆಗಲೇ ಇಡೀ ವಿಭಾಗದ ಗುಂಪಿಗೆ ಕಳಿಸಿ, ಪಕ್ಕದಲ್ಲೊಂದು ಚಪ್ಪಾಳೆಯ ಚಿತ್ರವನ್ನೂ ಹಾಕಿದರು.

ಹನ್ನೊಂದೂವರೆಗೆ ಲೆಕ್ಕ ಹದಿಮೂರು. ಹನ್ನೆರಡಕ್ಕೆ ಇಪ್ಪತ್ತೊಂದು.

ಆಮೇಲೆ ಅವನಿಗೆ ಎಲ್ಲರ ಮುಖದಲ್ಲೂ ಹನ್ನೊಂದನೇ ಕಾಲಮೇ ಕಂಡಿತು. ಮುಖ್ಯಸ್ಥರ ಕೋಣೆಯ ಗಾಜಿನಾಚೆ ಅವರು ಕಂಪ್ಯೂಟರ್ ನೋಡಿ ಒಮ್ಮೆ ನಕ್ಕರು, ಇವನನ್ನು ಕಂಡೊಡನೆ ನಗು ನುಂಗಿ ಗಂಭೀರರಾದರು. ಗೈಡ್ ಮೇಡಂ ಎದುರಾಗಿ, "ಮಧ್ಯಾಹ್ನ ಬಾ, ನಿನ್ನ ಹತ್ರ ಮಾತಾಡೋದಿದೆ" ಎಂದು ಮುಂದೆ ಹೋದರು. ಸೂಪರಿಂಟೆಂಡೆಂಟರು ಅವನ ಬಾಗಿಲ ಹೊರಗೆ ಬಂದು ಫೋನೆತ್ತಿದವರು ಒಳಗೊಮ್ಮೆ ಇಣುಕಿ, ಒಂದೂ ಮಾತಾಡದೆ ವಾಪಸು ಹೋದರು. ಎಷ್ಟೋ ದಿನಗಳ ಮೇಲೆ ಹನ್ನೆರಡು ಗಂಟೆಯ ತೂಕ ಸರಿಯಾಗಿ ಸಿಕ್ಕಿತು. ಅದನ್ನು ಬರೆದುಕೊಳ್ಳುವಷ್ಟು ಜೀವ ಅವನಲ್ಲಿ ಉಳಿದಿರಲಿಲ್ಲ.

ಸಮಿತಿಯವರು ಪೂರ್ತಿ ಓದುವ ಮುಂಚೆ ತಾನೇ ಹೋಗಿ ಕಾಲಿಗೆ ಬೀಳುವುದು ಮೇಲು ಎಂದು ತೀರ್ಮಾನಿಸಿದ. ಮೂರು ಗಂಟೆಯೊಳಗೆ ಮೂವರನ್ನೂ ಮುಗಿಸಬೇಕು. ಆದರೆ ಎಲ್ಲವನ್ನೂ ಹೇಳುವ ಧೈರ್ಯವಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು, ಅದೂ ಇದ್ದುದರಲ್ಲಿ ಮೆತ್ತನೆಯದು.

ಮೊದಲು ಸೂಪರಿಂಟೆಂಡೆಂಟರು. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಸರ್, ತಪ್ಪಾಯ್ತು. ನನ್ನ ಕಡತದಲ್ಲಿ ನಿಮ್ಮ ಬಗ್ಗೆ ಒಂದು ಮಾತು ಬಂದುಬಿಟ್ಟಿದೆ. ನೀವು ಬಾಗಿಲಲ್ಲಿ ನಿಂತು ಫೋನಲ್ಲಿ ಮಾತಾಡಿದ್ರೆ ಗಾಜು ಅದುರುತ್ತೆ ಅಂತ."

ಸೂಪರಿಂಟೆಂಡೆಂಟರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ನನ್ನ ಧ್ವನಿಗೆ? ಗಾಜು?"

"ಹೌದು ಸರ್. ಅರವತ್ತಮೂರು ಸಲ."

"ವಿಜ್ಞಾನದ ಪ್ರಕಾರ?"

"ತಕ್ಕಡಿಯ ಪ್ರಕಾರ ಸರ್."

"ಇದನ್ನ ಬರೆದು ಲೋಕಕ್ಕೆಲ್ಲ ತೋರಿಸಿದ್ದೀಯಾ? ನಾಚಿಕೆ ಆಗ್ಬೇಕು ನಿಂಗೆ!" ಎಂದು ಗದರಿದರು. ಆದರೆ ಗದರಿದ ಧ್ವನಿಗೆ ಕಿಟಕಿ ಅದುರಿತೇ ಎಂದು ಓರೆಗಣ್ಣಿನಲ್ಲಿ ನೋಡಿದ್ದೂ ಹೌದು. ಆಮೇಲೆ ತುತ್ತು ನುಂಗಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಸ್ವರ ತಗ್ಗಿಸಿದರು. "ನಂದಿರ್ಲಿ ಬಿಡು. ಮುಖ್ಯಸ್ಥರ ಬಗ್ಗೆ ಏನ್ ಬರ್ದಿದ್ದೀಯಾ?"

"ಅದನ್ನ ಹೇಳೋದು ಸರಿಯಲ್ಲ ಸರ್."

"ಓಹೋ, ಇದೆ ಹಾಗಾದ್ರೆ!" ಎಂದು ಅವರು ಉಪ್ಪಿನಕಾಯಿ ನೆಕ್ಕಿದರು.

ಗೈಡ್ ಮೇಡಂ ಎರಡು ಗಂಟೆಗೆ ಸಿಕ್ಕರು. ಅವರಿಗೆ ಮಾತಾಡಬೇಕಿದ್ದದ್ದು ತೂಗುವ ಕೋಣೆಯಲ್ಲಿ ಒಂದು ಒಳ್ಳೆಯ ಕುರ್ಚಿ ಹಾಕಿಸುವ ವಿಷಯವಾಗಿ. ಆದರೆ ಮಿಲಿಗ್ರಾಂ ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಮೇಡಂ, ಸಭೆಗಳ ಹೊತ್ತಲ್ಲಿ ನೀವು ತೂಗೋ ಕೋಣೇಲಿ ಇರ್ತೀರಿ ಅಂತ, ನಿಮ್ಮ ಉಸಿರಿಂದ ತೂಕ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ ಅಂತ, ಕಡತದಲ್ಲಿ ಸೇರಿಹೋಗಿದೆ. ಕ್ಷಮಿಸಿ."

"ನಾನಲ್ಲಿ ಯೋಚನೆ ಮಾಡ್ತಿರ್ತೀನಿ" ಎಂದರು ಮೇಡಂ.

"ಹೌದು ಮೇಡಂ."

"ಕಣ್ಣು ಮುಚ್ಕೊಂಡು ಯೋಚನೆ ಮಾಡೋದು ನನ್ನ ಅಭ್ಯಾಸ."

"ಗೊತ್ತು ಮೇಡಂ. ತುಂಬ ಆಳವಾಗಿ ಯೋಚನೆ ಮಾಡ್ತೀರಿ."

ಮೇಡಂ ಅವನನ್ನು ನೆಟ್ಟ ನೋಟದಿಂದ ನೋಡಿದರು. "ಎರಡು ವರ್ಷ ನಿನ್ನನ್ನ ಮುಂದುವರಿಸಬೇಕಾ ಅಂತ ನಾನು ಯೋಚನೆ ಮಾಡ್ಬೇಕು. ಕಣ್ಣು ತೆರ್ಕೊಂಡೇ" ಎಂದರು. ಅವನು ಅಳುವುದೊಂದು ಬಾಕಿ. ತಲೆ ತಗ್ಗಿಸಿ ಬಾಗಿಲವರೆಗೆ ಹೋಗಿದ್ದ. ಹಿಂದಿನಿಂದ ಮೆಲ್ಲಗೆ ಕರೆದರು. "ಇಲ್ಬಾ. ಸೂಪರಿಂಟೆಂಡೆಂಟ್ ಬಗ್ಗೆ ಏನಾದ್ರೂ ಇದ್ಯಾ?"

"ಮೇಡಂ, ಅದು ಅವರ ಸ್ವಂತ ವಿಷಯ..."

"ಸ್ವಂತ ವಿಷಯಾನಾ!" ಎಂದ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಎರಡೂ ಮುಕ್ಕಾಲಿಗೆ ಮುಖ್ಯಸ್ಥರು. ಅವರು ಗಾಜಿನಾಚೆ ನಕ್ಕದ್ದು ಮೊಮ್ಮಗಳು ಚಮಚ ಹಿಡಿದು ಅಜ್ಜಿಗೆ ಹೊಡೆಯುವ ವಿಡಿಯೋ ನೋಡಿ ಎಂಬುದು ಆಗ ತಿಳಿಯಿತು. ಮತ್ತೆ ಅದನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಮಿಲಿಗ್ರಾಂ ತಡೆಯಲಾರದ ಸ್ಥಿತಿಯಲ್ಲಿದ್ದ. ಒಳಗೆ ಕಾಲಿಟ್ಟವನೇ ಒಪ್ಪಿಸಿಬಿಟ್ಟ: ಸಾಹೇಬರು ಮೆಟ್ಟಿಲಿಳಿದರೆ ನೆಲ ನಡುಗುತ್ತದೆ ಎಂದು ಕಡತದಲ್ಲಿದೆ.

ಮುಖ್ಯಸ್ಥರು ಎದ್ದು ನಿಂತರು. ಕಿಟಕಿಯವರೆಗೆ ಹೋಗಿ ಬಂದರು. ಟೇಬಲ್ಲಿನ ಮೇಲಿದ್ದ ನೀರಿನ ಲೋಟವನ್ನು ಗಮನಿಸಿದರು. ನೀರು ನಿಜವಾಗಿಯೂ ಕದಲಿತ್ತು.

"ಅಂದ್ರೆ ನಾನು ನಡೆದಾಡಿದ್ದು ಈ ಕಟ್ಟಡಕ್ಕೆ ಗೊತ್ತಾಗುತ್ತೆ."

"ಹೌದು ಸರ್."

"ವಿಭಾಗದ ಮುಖ್ಯಸ್ಥನ ಬಗ್ಗೆ ಹೀಗೆ ಬರೆಯೋದು ಅಶಿಸ್ತು, ಗೊತ್ತಾ? ಸಮಿತಿಯಲ್ಲಿ ಇದನ್ನ ಎತ್ತಬೇಕಾಗುತ್ತೆ."

"ಸರ್..." ಎಂದ ಅವನು. ಎರಡು ವರ್ಷ ಗಾಳಿಗೆ ಹೋಯಿತು. ಕಾಗದದ ಚೂರುಗಳು, ತಕ್ಕಡಿ, ಅರ್ಧಕ್ಕೆ ನಿಂತ ಪ್ರಬಂಧ, ಎಲ್ಲ ಹೋಯಿತು. ನಾಳೆಯಿಂದ ಭಾವನ ಹಾಸ್ಯ ಕೇಳಿಕೊಂಡು ಮನೆಯಲ್ಲಿ ಕೂರಬೇಕು.

ಮುಖ್ಯಸ್ಥರು ಬಾಗಿಲನ್ನು ಮುಚ್ಚಿ ಬಂದರು. ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದರು: "ಅದಿರ್ಲಿ. ನಿಮ್ಮ ಮೇಡಂ ಬಗ್ಗೆ ಏನಿದೆ?"

ಮೂರು ಹೊಡೆಯಿತು. ಮೂವರೂ ಸಮಿತಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮಿಲಿಗ್ರಾಂ ಹೊರಗಿನ ಬೆಂಚಿನ ಮೇಲೆ ಕುಳಿತ. ಲೆಕ್ಕ ನೋಡಿದ. ಎಂಬತ್ತೇಳು! ಎಂಬತ್ತೇಳು ಜನ! ಅಷ್ಟರಲ್ಲಿ ಅಕ್ಕನ ಫೋನು.

"ಲೇ, ಎಂಬತ್ತೇಳಾಯ್ತು ನೋಡಿದ್ಯಾ? ನೂರು ಮಾಡೇ ಬಿಡೋದು ಅಂತಿದ್ದೆ. ಭಾವನ ಫೋನಲ್ಲಿ ಜಾಗ ಇಲ್ಲ ಅಂತಿದೆ."

"ಏನು ಜಾಗ ಇಲ್ಲ?"

"ಅಷ್ಟೂ ಸಲ ಒತ್ತಿದ್ದು ನಾವೇ ಕಣೋ! ಬೆಳಿಗ್ಗೆಯಿಂದ ನನ್ನ ಫೋನಲ್ಲಿ ನಾನು, ಅವರ ಫೋನಲ್ಲಿ ಅವರು. ಊಟಕ್ಕೆ ಎದ್ದಾಗ ಬಿಟ್ರೆ ಕೈ ತೆಗೆದಿಲ್ಲ. ಹೆಬ್ಬೆರಳು ನೋಯ್ತಿದೆ."

"ತೆರೆದು ಓದಿದ್ರಾ?" ಮಿಲಿಗ್ರಾಂ ಕೇಳಿದ.

"ಕಾಗದದ ತೂಕ ಓದಿ ನಾನೇನ್ ಮಾಡ್ಲೋ? ಒತ್ತೋದು, ಅಳಿಸೋದು. ಅಷ್ಟೇ."

ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿದ. ಲೋಕ ಒಂದು ಅಕ್ಷರವನ್ನೂ ಓದಿರಲಿಲ್ಲ. ಎಂಥ ನೆಮ್ಮದಿ! ಅದರ ಹಿಂದೆಯೇ ಬಂತು ಎಂಥ ಸಂಕಟ: ಯಾರೂ ಓದದ್ದನ್ನು ತಾನೇ ಕೋಣೆ ಕೋಣೆ ಅಲೆದು ಬಾಯಿಪಾಠ ಒಪ್ಪಿಸಿ ಬಂದಿದ್ದ.

ಆಗ ಮುಕ್ತಕ್ಕ ಬಂದರು. ಅವನ ಅರ್ಜಿಗೆ ಪುರಾವೆಯಾಗಿ ಲಗತ್ತಿಸಬೇಕಾದ ಪ್ರಮಾಣಪತ್ರವನ್ನು ಬಾಗಿಲು ತಟ್ಟಿ ಸಮಿತಿಗೆ ಕೊಟ್ಟರು. "ಬೆಳಿಗ್ಗೆ ಯಾಕಷ್ಟು ಗಾಬರಿಯಾಗಿದ್ರಿ?" ಎಂದು ಪಕ್ಕದಲ್ಲಿ ಕುಳಿತರು. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದ. ಆಕೆ ಬಾಯಿ ತೆರೆದು ಕೇಳಿದರು, ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯೋ ಮಾರಾಯ! ನೀವು ಗುಂಡಿ ಒತ್ತಿದ ತಕ್ಷಣ ಅದು ಲೋಕಕ್ಕೆ ಹೋಗಲ್ಲ, ಮೊದಲು ನನ್ನ ಹತ್ರ ಬರುತ್ತೆ. ನೋಡಿದೆ. ನೋಡಿ ನಕ್ಕು ನಕ್ಕು ಸಾಕಾಯ್ತು. ಜನರ ಸ್ವಂತ ವಿಷಯ ಅವರ ಒಪ್ಪಿಗೆ ಇಲ್ದೆ ಪ್ರಕಟ ಮಾಡೋ ಹಾಗಿಲ್ಲ. ಅದಕ್ಕೇ ಅಷ್ಟನ್ನೂ ತೆಗೆದು, ಪ್ರತಿ ಸಾಲಿಗೂ 'ಹೊರಗಿನ ಕಂಪನ' ಅಂತ ಹಾಕಿ, ಆಮೇಲೆ ಪ್ರಕಟ ಮಾಡಿದೆ. ಬೆಳಿಗ್ಗೆ ಮೇಲಲ್ಲಿ ಅದನ್ನೇ ಬರ್ದಿದ್ದೆ. ನೋಡಿದೆ ಅಂದ್ರಲ್ಲ?"

ಮಿಲಿಗ್ರಾಂ ಮೇಲ್ ಪೆಟ್ಟಿಗೆ ತೆರೆದ. ಇನ್ನೂರೊಂದನೆಯದಾಗಿ ಅದು ತಣ್ಣಗೆ ಮುಚ್ಚಿಕೊಂಡು ಕುಳಿತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಗೊರಕೆ ಹೊರಗೆ ಬಂದಿಲ್ಲ, ಕುಲಪತಿ ಭಾಷಣ ಬಂದಿಲ್ಲ, ನಾಯಿಯ ಪರ ತೀರ್ಪು ಬಂದಿಲ್ಲ. ತಾನು ಬಾಯಿಬಿಟ್ಟ ಮೂರು ಮೆತ್ತನೆಯ ಸಾಲು ಬಿಟ್ಟರೆ ಮಿಕ್ಕ ಗುಟ್ಟು ಭದ್ರ. ಕೆಲಸ ಹೋದರೂ ಮರ್ಯಾದೆ ಉಳಿಯಿತು ಎಂದು ಉಸಿರು ಬಿಟ್ಟ. ಎದುರಿಗೆ ತಕ್ಕಡಿಯಿದ್ದಿದ್ದರೆ ಹಾರಿಯೇ ಹೋಗುತ್ತಿತ್ತು.

ಮೂರೂವರೆಗೆ ಬಾಗಿಲು ತೆರೆಯಿತು. ಮೂವರೂ ಹೊರಗೆ ಬಂದರು. ಸೂಪರಿಂಟೆಂಡೆಂಟರು ಕೈಯಲ್ಲಿದ್ದ ಹಾಳೆ ನೋಡಿ ಗಂಟಲು ಸರಿಮಾಡಿಕೊಂಡು ಓದಿದರು.

"ಅರ್ಜಿದಾರರ ನೇಮಕವನ್ನು ಎರಡು ವರ್ಷಗಳಿಗೆ ಮುಂದುವರಿಸಲು ಸಮಿತಿಯು ಸರ್ವಾನುಮತದಿಂದ ಒಪ್ಪಿದೆ."

ಮಿಲಿಗ್ರಾಂನ ಕಣ್ಣಲ್ಲಿ ನೀರೇ ಬಂತು. ಮುಕ್ತಕ್ಕ ಚಪ್ಪಾಳೆ ತಟ್ಟಿದರು. ಈ ವಿಭಾಗದಲ್ಲಿ ಸರ್ವಾನುಮತ ಎಂಬ ಮಾತು ಕಾಗದದ ಮೇಲೆ ಬಿದ್ದದ್ದು ಅದೇ ಮೊದಲು. ಫ್ಯಾನಿನ ಬಣ್ಣದ ಬಗ್ಗೆಯೂ ಇಲ್ಲಿ ಮೂರು ಅಭಿಪ್ರಾಯ ಇರುತ್ತಿತ್ತು.

"ಇರಿ, ಮುಗಿದಿಲ್ಲ" ಎಂದರು ಸೂಪರಿಂಟೆಂಡೆಂಟರು. "ಷರತ್ತು: ಪ್ರಕಟಿತ ಕಡತವನ್ನು ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿದಾಗ, ಅರ್ಜಿದಾರರು ಬಾಯಿಮಾತಿನಲ್ಲಿ ತಿಳಿಸಿದ ಹನ್ನೊಂದನೇ ಕಾಲಂ ಅದರಲ್ಲಿ ಕಂಡುಬರಲಿಲ್ಲ. ಎಲ್ಲೆಡೆ 'ಹೊರಗಿನ ಕಂಪನ' ಎಂದಷ್ಟೇ ಇದೆ. ಇದು ಮುಕ್ತ ವಿಜ್ಞಾನದ ಆಶಯಕ್ಕೆ ವಿರುದ್ಧ. ಸದರಿ ಕಾಲಂ ಅನ್ನು ಒಂದಕ್ಷರವೂ ಬಿಡದಂತೆ ಇಂದು ಸಂಜೆ ಐದು ಗಂಟೆಯೊಳಗೆ ಪ್ರಕಟಿಸತಕ್ಕದ್ದು."

"ಸರ್, ಬೇಡ ಸರ್!" ಎಂದ ಮಿಲಿಗ್ರಾಂ.

"ಯಾಕೆ ಬೇಡ?" ಎಂದರು ಮುಖ್ಯಸ್ಥರು ದೊಡ್ಡ ಮನಸ್ಸಿನಿಂದ. "ನನ್ನ ಬಗ್ಗೆ ಏನಿದೆ ಅಂತ ನೀನೇ ಹೇಳಿದ್ದೀಯಲ್ಲ. ನನಗೇನೂ ಅಭ್ಯಂತರ ಇಲ್ಲ. ವಿಜ್ಞಾನಕ್ಕೋಸ್ಕರ ಒಂದು ಸಾಲು ತಾನೆ!" ಹೇಳುವಾಗ ಅವರ ಕಣ್ಣು ಗೈಡ್ ಮೇಡಂ ಕಡೆಗಿತ್ತು.

"ನಂದೂ ಒಂದೇ ಸಾಲು. ನನಗೂ ಅಭ್ಯಂತರ ಇಲ್ಲ" ಎಂದರು ಮೇಡಂ, ಸೂಪರಿಂಟೆಂಡೆಂಟರನ್ನು ನೋಡುತ್ತ.

"ನಂದಂತೂ ಹೊಗಳಿಕೇನೇ" ಎಂದ ಸೂಪರಿಂಟೆಂಡೆಂಟರು ಮುಖ್ಯಸ್ಥರನ್ನು ನೋಡಿದರು.

"ಸಂಬಂಧಪಟ್ಟವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ರೆ ಪ್ರಕಟ ಮಾಡಬಹುದು..." ಎಂದು ಮುಕ್ತಕ್ಕ ಅನುಮಾನಿಸುತ್ತ ಚೀಲದಿಂದ ಪತ್ರ ತೆಗೆಯುವುದೇ ತಡ, ಮೂವರೂ ಒಬ್ಬರ ಬೆನ್ನ ಮೇಲೆ ಒಬ್ಬರು ಹಾಳೆಯಿಟ್ಟುಕೊಂಡು ಸಹಿ ಹಾಕಿದರು. ಮುಕ್ತಕ್ಕನ ಕಣ್ಣು ತುಂಬಿಬಂತು. "ನನ್ನ ಸರ್ವೀಸಲ್ಲೇ ಇಂಥ ವಿಭಾಗ ನೋಡಿಲ್ಲ" ಎಂದರು. ಆಮೇಲೆ ಮಿಲಿಗ್ರಾಂನ ಕಡೆ ತಿರುಗಿದರು. "ಇನ್ನೂ ಇಬ್ಬರ ಸಹಿ ಬೇಕಲ್ಲ? ಆ 'ಕೈ ನಡುಕ' ನಲವತ್ತೆರಡು ಸಾಲಿದೆಯಲ್ಲ, ಅವರದ್ದು."

ಮಿಲಿಗ್ರಾಂಗೆ ಆ ಸಾಲುಗಳು ನೆನಪಾದವು. "ಮನೆಯಲ್ಲಿ ಬೆಳಿಗ್ಗೆ ಅಕ್ಕ ಭಾವನ ಜಗಳ. ತಪ್ಪು ಅಕ್ಕನದೇ. ಬಾಯಿಬಿಟ್ಟರೆ ತಿಂಡಿ ಇಲ್ಲ. ಕೈ ನಡುಕ. ರದ್ದು." "ಅಕ್ಕನ ಹೊಸ ಅಡುಗೆ. ಹೊಟ್ಟೆ ನೋವು. ಭಾವ ತಮ್ಮ ತಟ್ಟೆಯದನ್ನು ಕಿಟಕಿಯಾಚೆ ಎಸೆದದ್ದು ಕಂಡೆ. ನನಗೆ ಆ ಉಪಾಯ ಹೊಳೆಯಲಿಲ್ಲ. ಕೈ ನಡುಕ. ರದ್ದು."

ಗಡಿಯಾರ ನಾಲ್ಕು ತೋರಿಸುತ್ತಿತ್ತು. ಅವನು ಅಕ್ಕನಿಗೆ ಫೋನ್ ಮಾಡಿದ. ಕೆಲಸ ಎರಡು ವರ್ಷ ಮುಂದುವರಿದದ್ದನ್ನು ಹೇಳಿದ. ಅಕ್ಕ ಸಂತೋಷದಿಂದ ಕಿರುಚಿದಳು. ಆ ಸಂತೋಷದಲ್ಲೇ ತೇಲಿಸಿಬಿಡೋಣವೆಂದು, ಕಡತದಲ್ಲಿ ನಿಂದೂ ಒಂದು ಸಾಲಿದೆ, ಅಡುಗೆ ವಿಷಯ, ಮೆತ್ತಗೇ ಬರ್ದಿದ್ದೀನಿ, ಒಂದು ಸಹಿ ಬೇಕು ಎಂದ.

ಅವನು ಕಣ್ಣು ಮುಚ್ಚಿಕೊಂಡ.

"ಬರೀ ನನ್ನ ಬಗ್ಗೇನಾ?" ಎಂದಳು ಅಕ್ಕ. ಒಂದು ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದಾಯಿತು. ಆಮೇಲೆ ಅವಳ ದನಿ ಪಿಸುಮಾತಿಗಿಳಿಯಿತು. "ನಂದಿರ್ಲಿ ಬಿಡು. ಸಹಿ ತಾನೆ, ಹಾಕ್ತೀನಿ. ನಿಮ್ಮ ಭಾವನ ಬಗ್ಗೆ ಏನ್ ಬರ್ದಿದ್ದೀಯಾ?"

ಮಿಲಿಗ್ರಾಂ ಒಪ್ಪಿಗೆ ಪತ್ರದ ನಾಲ್ಕನೇ ಸಾಲಿನಲ್ಲಿ ಅಕ್ಕನ ಹೆಸರು ಬರೆದು, ಐದನೆಯದನ್ನು ಭಾವನಿಗೆಂದು ಬಿಟ್ಟ. ಎರಡು ವರ್ಷದ ಕೆಲಸವಂತೂ ಗಟ್ಟಿಯಾಗಿತ್ತು. ಇವತ್ತು ರಾತ್ರಿ ಮಲಗುವುದೆಲ್ಲಿ ಎಂಬುದೊಂದು ಗೊತ್ತಾಗಬೇಕಿತ್ತು, ಅಷ್ಟೇ.